ಮುನಿಯಪ್ಪನ ಬಾಯಿಗೆ ಆರು ವರ್ಷದ ಸುರುಟ್ಟು

ಮುತ್ತುಸ್ವಾಮಿಗೆ ಸಿಟ್ಟು ಬಂದರೆ ಅದು ಮುಖದಲ್ಲಿ ಕಾಣಿಸುವುದಿಲ್ಲ, ಹೆಬ್ಬೆರಳಿಗೆ ಇಳಿಯುತ್ತದೆ. ಹೊಗೇನಕಲ್ ಜಲಪಾತದ ಬಂಡೆಗಳ ಮೇಲೆ ಪ್ರವಾಸಿಗಳಿಗೆ ಎಣ್ಣೆ ತಿಕ್ಕುವುದು ಇಪ್ಪತ್ತೆರಡು ವರ್ಷದಿಂದ ಅವನ ಕಸುಬು. ಹೆಂಡತಿ ಮಾಲತಿಯೊಂದಿಗೆ ಮಾತಿಗೆ ಮಾತು ಬೆಳೆಸಿ ಬಂದ ದಿನ ಅವನ ಕೈಕೆಳಗಿನ ಗಿರಾಕಿ ಅಯ್ಯೋ ಅಮ್ಮಾ ಎಂದು ನರಳುತ್ತಾನೆ. ಪಕ್ಕದ ಬಂಡೆಯವರು ಅದನ್ನು ಕೇಳಿ, ಇವತ್ತು ಮುತ್ತುಸ್ವಾಮಿಯ ಮನೆಯಲ್ಲಿ ಏನೋ ನಡೆದಿದೆ ಎಂದು ತಿಳಿದುಕೊಳ್ಳುತ್ತಾರೆ. ಕಳೆದ ಆಡಿ ತಿಂಗಳ, ಅಂದರೆ ಆಷಾಢದ, ಒಂದು ಭಾನುವಾರ ಆ ಹೆಬ್ಬೆರಳಿಗೆ ಸಿಕ್ಕಿದ್ದು ಊರಿನ ಕಂದಾಯದ ಲೆಕ್ಕ ನೋಡುವ ವಿ.ಎ.ಓ. ಸಾಹೇಬರ ಭುಜ. ಸಾಹೇಬರು ಮಾಡಿದ ತಪ್ಪೇನು ಎಂದರೆ, ಕರೆದವರ ಮಾತಿಗೆ ಬೆಲೆ ಕೊಟ್ಟು ಊಟಕ್ಕೆ ಬಂದದ್ದು.

ಇದೆಲ್ಲ ಶುರುವಾದದ್ದು ಆರು ವರ್ಷದ ಹಿಂದೆ, ಕೊಯಮತ್ತೂರಿನ ಒಬ್ಬ ಮಿಲ್ ಮಾಲೀಕನಿಂದ. ಆ ಮನುಷ್ಯ ಬಂಡೆಯ ಮೇಲೆ ಬೋರಲು ಮಲಗಿ ಮೈಯೆಲ್ಲ ಎಣ್ಣೆ ಹಚ್ಚಿಸಿಕೊಳ್ಳುವಾಗಲೂ ಬಾಯಿಂದ ಸಿಗಾರ್ ತೆಗೆಯಲಿಲ್ಲ. ಇದು ಹದಿನೈದು ವರ್ಷ ಹಳೆಯದು, ಮರದ ಪೆಟ್ಟಿಗೆಯಲ್ಲಿ ಸ್ವಲ್ಪ ತೇವದಲ್ಲಿ ಇಟ್ಟಿದ್ದೆ, ಹಳೆಯದಾದಷ್ಟೂ ಖಾರ ಹೋಗಿ ಘಮ ಕೂಡುತ್ತದೆ, ಒಳಗಿನ ಶಕ್ತಿಯೂ ಏರುತ್ತದೆ ಎಂದು ಉಪದೇಶ ಮಾಡಿದ. ಹೋಗುವಾಗ ಸಿಗಾರಿನ ನಡುವಿಗೆ ಸುತ್ತಿದ್ದ ಚಿನ್ನದ ಬಣ್ಣದ ಕಾಗದದ ಉಂಗುರವನ್ನು ಬಂಡೆಯ ಮೇಲೆ ಬಿಟ್ಟುಹೋದ. ಮುತ್ತುಸ್ವಾಮಿ ಅದನ್ನು ಕಿರುಬೆರಳಿಗೆ ಹಾಕಿಕೊಂಡು ಮನೆಗೆ ಬಂದ. ಎರಡೇ ದಿನದಲ್ಲಿ ಅದು ಎಲ್ಲೋ ಜಾರಿಹೋಯಿತು, ಆದರೆ ಉಪದೇಶ ಮಾತ್ರ ಜಾರಲಿಲ್ಲ.

ಇಲ್ಲಿ ಓದುಗರಿಗೆ ಒಂದು ಮಾತು ಹೇಳಿಬಿಡಬೇಕು. ಮುತ್ತುಸ್ವಾಮಿ ಹುಟ್ಟಿದಾಗಿನಿಂದ ಒಂದು ಬೀಡಿಯನ್ನೂ ಸೇದಿದವನಲ್ಲ. ಚಿಕ್ಕಂದಿನಿಂದ ಉಬ್ಬಸ. ಊದುಬತ್ತಿ ಹಚ್ಚಿದರೂ ಸೀನುತ್ತಾನೆ. ಆದರೆ ಒಂದು ವಿಷಯದಲ್ಲಿ ಪಂಡಿತನಾಗಲು ಅದರ ರುಚಿ ಗೊತ್ತಿರಬೇಕೆಂದು ಯಾವ ಕಾನೂನಿನಲ್ಲೂ ಬರೆದಿಲ್ಲವಲ್ಲ. ಮುಂದಿನ ಸಂತೆಯ ದಿನ ಪೆನ್ನಾಗರಂಗೆ ಹೋಗಿ ಐವತ್ತು ಸುರುಟ್ಟುಗಳ ಒಂದು ಕಟ್ಟು ತಂದ. ಸುರುಟ್ಟು ಎಂದರೆ ನಮ್ಮ ನಾಟಿ ಚುಟ್ಟಾ, ಕರ್ರಗೆ, ದಪ್ಪಗೆ, ಮೂಗಿಗೆ ಹೊಡೆಯುವಂಥದ್ದು. ಮರದ ಪೆಟ್ಟಿಗೆ ಇರಲಿಲ್ಲ. ಹಾಗಾಗಿ ತಾಳೆಗರಿಯ ಬುಟ್ಟಿಯಲ್ಲಿ ಅವನ್ನು ಜೋಡಿಸಿ, ಮೇಲೊಂದು ಒದ್ದೆ ಗೋಣಿಚೂರು ಮುಚ್ಚಿ, ಅಡುಗೆಮನೆಯ ಮೂಲೆಯಲ್ಲಿದ್ದ ರಾಗಿಯ ವಾಡೆಯೊಳಗೆ ಇಳಿಸಿಬಿಟ್ಟ. ಆಳೆತ್ತರದ ಆ ಮಣ್ಣಿನ ವಾಡೆ ಅವನ ಅಜ್ಜಿಯ ಕಾಲದ್ದು. ಪ್ರತಿ ಶುಕ್ರವಾರ ಗೋಣಿಗೆ ಹೊಸದಾಗಿ ನೀರು ಚಿಮುಕಿಸುವುದು ಅವನ ಮನೆಯ ಹೊಸ ಪೂಜೆಯಾಯಿತು.

ಅಂದಿನಿಂದ ಆ ಮನೆಯ ಮುದ್ದೆಗೆ ಹೊಗೆಸೊಪ್ಪಿನ ವಾಸನೆ ಹತ್ತಿತು. ಮನೆಯವರಿಗೆ ರೂಢಿಯಾಯಿತು, ನೆಂಟರಿಗೆ ಆಗಲಿಲ್ಲ. ಮಾಲತಿಯ ಅಣ್ಣ ಕೊಳತ್ತೂರಿನಿಂದ ಬಂದವನು ಎರಡು ಮುದ್ದೆ ಉಂಡು, ತಲೆ ತಿರುಗಿ, ಜಗಲಿಯ ಮೇಲೆ ಸಂಜೆವರೆಗೆ ಬಿಕ್ಕಳಿಸಿ, ಆಮೇಲೆ ಈ ಕಡೆ ತಲೆ ಹಾಕಲಿಲ್ಲ. ಮಗಳು ಶರಣ್ಯ ಧರ್ಮಪುರಿಯ ಕಾಲೇಜಿಗೆ ಬುತ್ತಿ ಒಯ್ಯುವುದನ್ನೇ ಬಿಟ್ಟಳು. ಮಾಲತಿ ಆ ಬುಟ್ಟಿಯನ್ನು ಮೂರು ಸಲ ಹೊರಗೆ ಎಸೆದಳು. ಮೂರು ಸಲವೂ ಮುತ್ತುಸ್ವಾಮಿ ಅದನ್ನು ಮಗುವಿನಂತೆ ಎತ್ತಿ ತಂದು ವಾಡೆಗೆ ಇಳಿಸಿದ. ಅವನಿಗೆ ಅದರಿಂದ ಆಗಬೇಕಾದ ಕೆಲಸ ಒಂದಿತ್ತು.

ಅವನ ಊರು ಸುಣ್ಣಗುಟ್ಟೆ. ಊರ ಹೊರಗೆ ಹುಣಸೆಮರದ ಕೆಳಗೆ ಹನ್ನೆರಡು ಅಡಿ ಎತ್ತರದ ಮುನಿಯಪ್ಪಸ್ವಾಮಿ ಕುಳಿತಿದ್ದಾನೆ. ಕೈಯಲ್ಲಿ ಕತ್ತಿ, ತೋಳಿನಷ್ಟು ದಪ್ಪ ಮೀಸೆ, ತುಟಿಗಳ ನಡುವೆ ಒಂದು ತೂತು. ಆಡಿಯ ಪೂಜೆಯ ದಿನ ಪೂಜಾರಿ ಏಣಿ ಹತ್ತಿ, ಹಚ್ಚಿದ ಸುರುಟ್ಟನ್ನು ಆ ತೂತಿಗೆ ಸಿಕ್ಕಿಸುತ್ತಾನೆ. ಸಾಮಿ ಅದನ್ನು ಸೇದಿ ಮುಗಿಸಿ, ಕೊನೆಯ ಬೂದಿ ಪಾದದ ಮೇಲೆ ಬಿದ್ದ ಮೇಲೆಯೇ ಊರಿಗೆ ಎಲೆ ಹಾಕುವುದು, ಕುರಿಯ ಸಾರು ಬಡಿಸುವುದು. ಸಾಮಾನ್ಯವಾಗಿ ಅರ್ಧ ಗಂಟೆಯ ಮಾತು. ಆ ಮೊದಲ ಸುರುಟ್ಟು ಕೊಡುವ ಹಕ್ಕು ಮುತ್ತುಸ್ವಾಮಿಯ ಮನೆಯದು. ಅವನ ಮುತ್ತಜ್ಜನ ಕುರಿಮಂದೆಯನ್ನು ಮುನಿಯಪ್ಪ ಚಿರತೆಯ ಬಾಯಿಂದ ಉಳಿಸಿಕೊಟ್ಟ ಕಾಲದಿಂದ ಬಂದದ್ದು.

ಆ ಹಕ್ಕು ಎಂದರೆ ಮುತ್ತುಸ್ವಾಮಿಗೆ ಪ್ರಾಣ. ವರ್ಷದ ಮುನ್ನೂರ ಅರವತ್ತನಾಲ್ಕು ದಿನ ಅವನು ನೋಡುವುದು ಬೇರೆಯವರ ಬೆನ್ನು. ಆ ಒಂದು ದಿನ ಪೂಜಾರಿ ಚಿನ್ನಪ್ಪ ಅವನ ಹೆಸರು ಹಿಡಿದು ಕೂಗಿದಾಗ ಊರಿಗೆ ಊರೇ ಸರಿದು ಅವನಿಗೆ ದಾರಿ ಬಿಡುತ್ತದೆ. ಅವನ ದಾಯಾದಿ ಶಂಕರನಿಗೆ ಇದನ್ನು ಕಂಡರೆ ಹೊಟ್ಟೆಯುರಿ. ಶಂಕರನದು ಬಸ್ ಸ್ಟಾಪಿನ ಪೆಟ್ಟಿಗೆ ಅಂಗಡಿ. ಊರಿಗೆಲ್ಲ ಸುರುಟ್ಟು ಮಾರುವವನು ತಾನು, ಸಾಮಿಗೆ ಕೊಡುವವನು ಉಸಿರು ಬಿಟ್ಟರೆ ಕೆಮ್ಮುವ ಇವನು, ಇದು ಯಾವ ನ್ಯಾಯ ಎಂದು ಅವನು ಹತ್ತು ವರ್ಷದಿಂದ ಗೊಣಗುತ್ತಿದ್ದ.

ಈ ಸಲ ಮುತ್ತುಸ್ವಾಮಿ ತಿಂಗಳ ಮುಂಚೆಯೇ ಟೀ ಅಂಗಡಿಯಲ್ಲಿ, ಬಸ್ಸಿನಲ್ಲಿ, ಕ್ಷೌರದ ಕುರ್ಚಿಯಲ್ಲಿ ಎಲ್ಲರಿಗೂ ಸಾರಿದ್ದ. ಈ ವರ್ಷ ಮುನಿಯಪ್ಪ ಸೇದುವುದು ಆರು ವರ್ಷ ಪಕ್ವವಾದ ಸುರುಟ್ಟು, ಇಂಥದ್ದನ್ನು ಸೇಲಂ ಜಿಲ್ಲೆಯಲ್ಲಾಗಲಿ ಧರ್ಮಪುರಿ ಜಿಲ್ಲೆಯಲ್ಲಾಗಲಿ ಯಾವ ದೇವರೂ ಕಂಡಿಲ್ಲ ಎಂದು.

ಭಾನುವಾರ ಹನ್ನೆರಡು ಗಂಟೆಗೆ ಚಿನ್ನಪ್ಪ ಏಣಿ ಹತ್ತಿದ. ಸುರುಟ್ಟು ಹತ್ತಿಕೊಳ್ಳಲು ಹನ್ನೊಂದು ಬೆಂಕಿಕಡ್ಡಿ ಬೇಕಾಯಿತು. ಹತ್ತಿಕೊಂಡ ಮೇಲೆ ಮುನಿಯಪ್ಪನ ಬಾಯಿಂದ ಎಳೆಯಂಥ ಹೊಗೆ ಏಳತೊಡಗಿತು. ಜನ ಕೈಮುಗಿದರು. ಹನ್ನೆರಡೂವರೆಯಾಯಿತು. ಹೊಗೆ ಏಳುತ್ತಿತ್ತು. ಒಂದು ಗಂಟೆಯಾಯಿತು. ಹೊಗೆ ಏಳುತ್ತಲೇ ಇತ್ತು, ಸುರುಟ್ಟು ಮಾತ್ರ ಕಡಲೆಕಾಯಿಯಷ್ಟು ಕೂಡ ಸವೆದಿರಲಿಲ್ಲ. ಒಲೆಯ ಮೇಲೆ ಮೂರು ಹಂಡೆ ಸಾರು ಕುದಿದು ಕುದಿದು ಗಟ್ಟಿಯಾಗುತ್ತಿತ್ತು. ಮುನ್ನೂರು ಜನ ಒಮ್ಮೆ ಹಂಡೆಯನ್ನೂ ಒಮ್ಮೆ ಸಾಮಿಯ ಬಾಯನ್ನೂ ನೋಡುತ್ತಿದ್ದರು.

ಮುಖ್ಯ ಅತಿಥಿ ವಿ.ಎ.ಓ. ಸಾಹೇಬರು ಕೃಷ್ಣಗಿರಿ ಕಡೆಯ ತಮಿಳಿನವರು, ಸಕ್ಕರೆ ಕಾಯಿಲೆಯವರು. ಹನ್ನೆರಡೂವರೆಗೆ ಊಟವೆಂದು ನಂಬಿ ಮೊದಲೇ ಮಾತ್ರೆ ನುಂಗಿದ್ದರು. "ಇನ್ನುಂ ಎವ್ವಳವು ನೇರಂ ಪಾ?" ಎಂದು, ಇನ್ನೂ ಎಷ್ಟು ಹೊತ್ತಪ್ಪಾ ಎಂದು, ಅವರು ಸಣ್ಣ ದನಿಯಲ್ಲಿ ಕೇಳಿದರು. ಮಾಲತಿ ಓಡಿಬಂದು ಅವರ ಕೈಗೆ ಒಂದು ತುಂಡು ಬೆಲ್ಲ ಕೊಟ್ಟಳು. ಮರ್ಯಾದೆ ಉಳಿಸಿಕೊಳ್ಳಲು ಮುತ್ತುಸ್ವಾಮಿ, ಅಲ್ಲಿವರೆಗೆ ಭುಜ ಸ್ವಲ್ಪ ಹಿಡಿದುಕೊಡುತ್ತೇನೆ ಸಾರ್ ಎಂದು ಅವರ ಕುರ್ಚಿಯ ಹಿಂದೆ ನಿಂತ. ಮೊದಲ ಹತ್ತು ನಿಮಿಷ ಸಾಹೇಬರು ಕಣ್ಣುಮುಚ್ಚಿ ಸುಖಪಟ್ಟರು.

ಆಗ ಶಂಕರ ಎದ್ದು ನಿಂತ.

"ಸಾಮಿ ಸೇದ್ತಾ ಇಲ್ಲ, ಉಗುಳೋಕೆ ಆಗ್ದೆ ಒದ್ದಾಡ್ತಾ ಐತೆ," ಎಂದ. "ಆರು ವರ್ಷದ ತಂಗಳು ಅದು. ಸಾಮಿಗೆ ಯಾರಾದ್ರೂ ತಂಗಳು ಇಕ್ತಾರಾ?"

ಮುತ್ತುಸ್ವಾಮಿಯ ಹೆಬ್ಬೆರಳು ಸಾಹೇಬರ ಕತ್ತಿನ ಬುಡದಲ್ಲಿ ಒಂದು ಅಂಗುಲ ಒಳಗೆ ಹೋಯಿತು. ತಂಗಳು ಎಂಬ ಮಾತು ಸಾಮಾನ್ಯದ್ದಲ್ಲ. ನಿನ್ನೆಯ ಹೂವನ್ನು ಸಾಮಿಗೆ ಮುಡಿಸುವುದಿಲ್ಲ, ನಿನ್ನೆಯ ಅನ್ನವನ್ನು ಎಡೆ ಇಡುವುದಿಲ್ಲ. ಹಾಗಿರುವಾಗ ಆರು ವರ್ಷದ ಹಿಂದಿನ ಸುರುಟ್ಟು? ಜನರ ನಡುವೆ ಗುಸುಗುಸು ಹಬ್ಬಿತು. ಹಸಿದ ಜನಕ್ಕೆ ಯಾವ ಗುಸುಗುಸುವೂ ಬೇಗ ಅರ್ಥವಾಗುತ್ತದೆ.

ಮುತ್ತುಸ್ವಾಮಿ ಬಿಡಲಿಲ್ಲ. ತುಪ್ಪ ಹಳೆಯದಾದರೆ ಔಷಧಿ, ಹುಣಸೆಹಣ್ಣು ಹಳೆಯದಾದರೆ ಸಾರಿಗೆ ರುಚಿ, ಉಪ್ಪಿನಕಾಯಿ ಹಳೆಯದಾದಷ್ಟೂ ಬಾಯಲ್ಲಿ ನೀರು, ಅವನ್ನೆಲ್ಲ ತಂಗಳು ಅನ್ನುತ್ತೀರಾ ಎಂದು ಒಂದೊಂದಕ್ಕೂ ಒಂದೊಂದು ಸಲ ಒತ್ತುತ್ತ ಕೇಳಿದ. ಸಾಹೇಬರು ಒಂದೊಂದಕ್ಕೂ ಒಂದೊಂದು ಸಲ ಮುಂದಕ್ಕೆ ಬಾಗಿದರು. ಶಂಕರ, ಉಪ್ಪಿನಕಾಯಿಗೆ ಉಪ್ಪಿದೆ ಎಣ್ಣೆಯಿದೆ, ನಿನ್ನ ಸುರುಟ್ಟಿಗೆ ಏನಿದೆ, ಅದು ಇಡ್ಲಿಯ ಜಾತಿಗೆ ಸೇರಿದ್ದು ಎಂದ. ಹುಣಸೆಮರದ ಕೆಳಗೆ ಊರು ಎರಡಾಗಿ ಒಡೆಯಿತು. ಸುರುಟ್ಟು ಇಡ್ಲಿಯಂಥದ್ದು ಎನ್ನುವವರು ಒಂದು ಕಡೆ, ಉಪ್ಪಿನಕಾಯಿಯಂಥದ್ದು ಎನ್ನುವವರು ಇನ್ನೊಂದು ಕಡೆ. ಎರಡು ಕಡೆಯವರೂ ಇಡ್ಲಿ, ಉಪ್ಪಿನಕಾಯಿ ಎಂಬ ಮಾತುಗಳನ್ನು ಕೇಳಿ ಕೇಳಿ ಇನ್ನಷ್ಟು ಹಸಿದರು. ಗಂಡನ ಪರ ಮಾತಾಡುತ್ತಾಳೆಂದು ಎಲ್ಲರೂ ಮಾಲತಿಯ ಕಡೆ ನೋಡಿದರೆ, ತನ್ನ ಉಪ್ಪಿನಕಾಯಿಯ ಹೆಸರನ್ನು ಆ ದರಿದ್ರದ ಬುಟ್ಟಿಯ ಜೊತೆಗೆ ಎತ್ತಬಾರದು ಎಂದು ಹೇಳಿ ಅವಳು ಸೌಟು ತಿರುಗಿಸತೊಡಗಿದಳು.

ಮೊಬೈಲಿನಲ್ಲಿ ಸಾಮಿಯ ಹೊಗೆಯನ್ನು ವೀಡಿಯೊ ಮಾಡುತ್ತಿದ್ದ ಶರಣ್ಯ, "ಅಪ್ಪಾ, ಪೋದುಂ, ಒತ್ತುಕ್ಕೋ," ಎಂದಳು. ಸಾಕು, ಒಪ್ಪಿಕೊಂಡುಬಿಡು ಎಂದು ಸ್ವಂತ ಮಗಳೇ ಹೇಳಿದ ಮೇಲೆ ಇನ್ನು ಒಪ್ಪುವ ಮಾತೆಲ್ಲಿ? ಮುತ್ತುಸ್ವಾಮಿಯ ಎರಡು ಹೆಬ್ಬೆರಳೂ ಒಟ್ಟಿಗೆ ಇಳಿದವು.

ಎರಡು ಗಂಟೆಯಾಯಿತು. ಪೂಜಾರಿ ಚಿನ್ನಪ್ಪ ಎಂಬತ್ತರ ಹತ್ತಿರದವನು, ನಿಧಾನದ ಮನುಷ್ಯ. ಅವನು ಏಣಿಯ ಕೆಳಗಿನ ಮೆಟ್ಟಿಲ ಮೇಲೆ ಕೂತು ತೀರ್ಮಾನದ ದನಿಯಲ್ಲಿ ಹೇಳಿದ, ಕೊಟ್ಟದ್ದು ತಂಗಳು ಎಂದು ಗೊತ್ತಾದರೆ ಬರುವ ವರ್ಷದಿಂದ ಮೊದಲ ಸುರುಟ್ಟು ಶಂಕರನ ಮನೆಗೆ ಹೋಗುತ್ತದೆ ಎಂದು. ನಾಲ್ಕು ತಲೆಮಾರಿನ ಹಕ್ಕು ಮುತ್ತುಸ್ವಾಮಿಯ ಕಣ್ಣೆದುರೇ ಪೆಟ್ಟಿಗೆ ಅಂಗಡಿಯ ಕಡೆ ಹೊರಟು ನಿಂತಿತ್ತು.

"ನೀನು ಸೇದಿ ನೋಡಿದೀಯಾ?" ಎಂದು ಚಿನ್ನಪ್ಪ ಕೇಳಿದ.

"ಇಲ್ಲ."

"ನಿನ್ನ ಬಾಯಿಗೇ ಇಕ್ಕಿ ನೋಡ್ದೆ ಸಾಮಿ ಬಾಯಿಗೆ ಇಕ್ಬಿಟ್ಯಾ?"

"ಸಾಮಿಗೆ ಇಕ್ಕೋದ್ನ ಮೊದ್ಲು ನಾನು ಬಾಯಿಗಿಟ್ಟು ಎಂಜಲು ಮಾಡಿ ಕೊಡ್ಲಾ?"

ಇದು ಗಟ್ಟಿ ಉತ್ತರ. ಇಡ್ಲಿ ಪಕ್ಷದವರಲ್ಲೂ ಕೆಲವರು ತಲೆದೂಗಿದರು. ಆದರೆ ಹಾಗಾದರೆ ತೀರ್ಪು ಹೇಳುವವರು ಯಾರು? ಸುರುಟ್ಟಿನ ವಿಷಯ ಬಲ್ಲವರು ಯಾರು? ಮುನ್ನೂರು ಜನರ ತಲೆಗಳು ಒಂದೊಂದಾಗಿ ಹುಣಸೆಮರದ ಬೇರಿನ ಕಡೆ ತಿರುಗಿದವು. ಅಲ್ಲಿ ಮುನಿಶಾಮಮ್ಮ ಕಾಲು ಚಾಚಿ ಕೂತಿದ್ದಳು.

ಮುನಿಶಾಮಮ್ಮ ಮುತ್ತುಸ್ವಾಮಿಯ ಸೋದರತ್ತೆ. ಗಂಡ ಸತ್ತು ತವರಿಗೆ ಬಂದವಳು, ತಾಯಿಯಿಲ್ಲದ ಮುತ್ತುಸ್ವಾಮಿಯನ್ನು ಸೊಂಟದ ಮೇಲೆ ಹೊತ್ತು ಸಾಕಿದವಳು, ಈಗಲೂ ಅವನ ಮನೆಯಲ್ಲೇ ಇರುವವಳು. ವಯಸ್ಸು ಎಂಬತ್ತೆರಡು. ಅದರಲ್ಲಿ ಅರವತ್ತೈದು ವರ್ಷ ಸುರುಟ್ಟು ಸೇದಿದ್ದಾಳೆ, ಅದೂ ಬೆಂಕಿಯ ತುದಿಯನ್ನು ಬಾಯೊಳಗೆ ಇಟ್ಟುಕೊಂಡು. ಡಾಕ್ಟರು ಬಿಡಬೇಕೆಂದಾಗ, ನಿಮ್ಮಪ್ಪನಿಗೂ ಇದನ್ನೇ ಹೇಳಿದ್ದೆಯಾ ಎಂದು ಕೇಳಿ ಎದ್ದುಬಂದವಳು. ಅವಳ ಮಾತಿನ ಮೇಲೆ ಮಾತಿಲ್ಲ.

ಮುತ್ತುಸ್ವಾಮಿಗೆ ಜೀವ ಬಂದಂತಾಯಿತು. ಅತ್ತೆ ಬಿಟ್ಟುಕೊಡುವವಳಲ್ಲ.

"ಅದು ತಂಗಳಲ್ಲ ಕಣಪ್ಪ ಚಿನ್ನಪ್ಪ," ಎಂದಳು ಮುನಿಶಾಮಮ್ಮ.

ಮುತ್ತುಸ್ವಾಮಿ ಶಂಕರನ ಕಡೆ ತಿರುಗಿ ಮೀಸೆ ಮುಟ್ಟಿಕೊಂಡ.

"ಮಂಗಳವಾರ ನಾನೇ ಶಂಕರನ ಅಂಗಡೀಲಿ ತಂದಿದ್ದು."

ಮೀಸೆಯ ಮೇಲಿನ ಕೈ ಮೀಸೆಯ ಮೇಲೆಯೇ ಉಳಿಯಿತು.

ಮುದುಕಿ ಸೊಂಟದ ಎಲೆಯಡಿಕೆ ಸಂಚಿಯನ್ನು ಸರಿಮಾಡಿಕೊಂಡು ಎಲ್ಲವನ್ನೂ ಸಾವಧಾನವಾಗಿ ಬಿಡಿಸಿ ಹೇಳಿದಳು. ವಾಡೆಯಲ್ಲಿ ಇಟ್ಟ ಮೊದಲ ವರ್ಷ ಒಂದನ್ನು ತೆಗೆದು ಸೇದಿದ್ದಳು, ಗಂಟಲು ಕಚ್ಚಿತು. ಎರಡನೇ ವರ್ಷ ಇನ್ನೊಂದು, ಪರವಾಗಿಲ್ಲ ಎನ್ನಿಸಿತು. ಮೂರನೇ ವರ್ಷ ಸೇದಿದಾಗ ಅವಳ ಕಣ್ಣಲ್ಲಿ ನೀರು ಬಂತು. ಅರವತ್ತೈದು ವರ್ಷದಲ್ಲಿ ಅಂಥದ್ದನ್ನು ಅವಳು ಸೇದಿರಲಿಲ್ಲ. ಆಮೇಲೆ ತಡೆಯಲಾಗಲಿಲ್ಲ. ಒಂದೇ ವರ್ಷದಲ್ಲಿ ಬುಟ್ಟಿ ಖಾಲಿಯಾಯಿತು. ಆದರೆ ಅವಳು ಕಳ್ಳಿಯಲ್ಲ. ಒಂದು ತೆಗೆದರೆ ಶಂಕರನ ಅಂಗಡಿಯದು ಒಂದು ತಂದು ಅದೇ ಜಾಗದಲ್ಲಿ ಇಟ್ಟಿದ್ದಳು. ಹಾಗೆ ಇಟ್ಟದ್ದನ್ನೂ ಮನಸ್ಸು ತಡೆಯದೆ ತೆಗೆದು ಸೇದಿ, ಮತ್ತೆ ಹೊಸದು ಇಟ್ಟು, ಹೀಗೆ ಮೂರು ವರ್ಷದಿಂದ ನಡೆದಿತ್ತು. ಮುತ್ತುಸ್ವಾಮಿ ಬೆಳಗ್ಗೆ ಕೈಗೆ ಸಿಕ್ಕ ಮೇಲಿನದನ್ನು ಎತ್ತಿ ತಂದಿದ್ದಾನೆ, ಅದು ಮಂಗಳವಾರದ್ದು.

"ಅದಕ್ಕೂ ಇವನು ಮಲ್ಲಿಗೆ ಗಿಡಕ್ಕೆ ಉಯ್ದಂಗೆ ನೀರು ಉಯ್ದವ್ನೆ. ಎಂಗೆ ಉರೀತದೆ ಅದು?"

ಎಲ್ಲರಿಗಿಂತ ಮೊದಲು ಚೇತರಿಸಿಕೊಂಡವನು ಶಂಕರ. ಮಂಗಳವಾರ ಮುನಿಶಾಮಮ್ಮ ಅಂಗಡಿಗೆ ಬಂದದ್ದು ಅವನಿಗೆ ನೆನಪಿತ್ತು. ಕೆಟ್ಟ ಮಾಲು ಎಂದರೆ ಈಗ ಅದು ತನ್ನದೇ ಅಂಗಡಿಯ ಮಾಲು. ಅವನು ಹಣೆಗೆ ಕೈಯಿಟ್ಟು ಮೇಲೆ ನೋಡಿ, ಹೊಸ ಕಣ್ಣುಗಳಿಂದ ಮುನಿಯಪ್ಪನ ಬಾಯನ್ನು ಪರೀಕ್ಷಿಸಿದ.

"ಒಗೆ ಚೆನ್ನಾಗೇ ಬರ್ತಾ ಐತೆ," ಎಂದ. "ನಮ್ಮ ಅಂಗಡಿ ಮಾಲು ಯಾವಾಗ್ಲೂ ಇಂಗೇ. ನಿಧಾನ. ಸಾಮಿ ಇಷ್ಟಪಟ್ಟು ಸೇದ್ತಾ ಐತೆ."

ಚಿನ್ನಪ್ಪ ಮೊಣಕಾಲು ಹಿಡಿದು ಎದ್ದ. ತಂಗಳಲ್ಲವಾದ್ದರಿಂದ ತಪ್ಪಿಲ್ಲ, ಮೊದಲ ಸುರುಟ್ಟು ಎಂದಿನಂತೆ ಮುತ್ತುಸ್ವಾಮಿಯ ಮನೆಯದೇ ಎಂದು ಸಾರಿದ. ಬುದ್ಧಿಯಿದ್ದ ಯಾವ ಮನುಷ್ಯನಾದರೂ ಅಲ್ಲಿಗೆ ಕೈಮುಗಿದು ಎಲೆಯ ಮುಂದೆ ಕೂರುತ್ತಿದ್ದ.

"ನಾನು ಒಪ್ಪಲ್ಲ," ಎಂದ ಮುತ್ತುಸ್ವಾಮಿ.

ಶಂಕರ ಬೆಚ್ಚಿಬಿದ್ದ. ಆರು ವರ್ಷ ಹೆಂಡತಿಯ ಬೈಗುಳ ತಿಂದು, ನೆಂಟರನ್ನು ಕಳೆದುಕೊಂಡು, ಹೊಗೆಸೊಪ್ಪಿನ ಮುದ್ದೆ ಉಂಡು ಸಾಕಿದ ಸುರುಟ್ಟು ಮಂಗಳವಾರದ್ದು ಎಂದರೆ ಯಾರು ಸುಮ್ಮನಿರುತ್ತಾರೆ ಎಂದು ಮುತ್ತುಸ್ವಾಮಿ ಅಬ್ಬರಿಸಿದ. ಇದು ಹಳೆಯದೇ, ತಂಗಳೆಂದರೆ ತಂಗಳೇ ಸೈ, ಅತ್ತೆಗೆ ವಯಸ್ಸಾಗಿ ಮರೆವು, ಅವಳ ಸಾಕ್ಷಿ ನಡೆಯದು ಎಂದ. ಹಾಗಂದ ಮರುಗಳಿಗೆಯೇ ಅವನಿಗೆ ಇನ್ನೊಂದು ಹೊಳೆಯಿತು. ಹಳೆಯದಾದಷ್ಟೂ ರುಚಿ ಏರುತ್ತದೆ ಎಂದು ಲೋಕದಲ್ಲಿ ಸಾಕ್ಷಿ ಹೇಳಬಲ್ಲವಳು ಅದೇ ಅತ್ತೆ ಒಬ್ಬಳೇ. ಆದ್ದರಿಂದ ಅವಳ ಸಾಕ್ಷಿ ಅರ್ಧ ನಡೆಯಬೇಕು, ಅರ್ಧ ನಡೆಯಬಾರದು ಎಂದು ವಾದಿಸಿದ. ಮೂರನೇ ವರ್ಷ ಕಣ್ಣಲ್ಲಿ ನೀರು ಬಂದದ್ದು ನಿಜ, ಮಂಗಳವಾರದ್ದು ಸುಳ್ಳು. ಅದನ್ನು ಈಗಲೇ ಊರ ಮುಂದೆ ಒಪ್ಪಿಕೊಳ್ಳಬೇಕು, ಸಾಹೇಬರು ಕಾಗದದಲ್ಲಿ ಬರೆದು ರಬ್ಬರ್ ಸ್ಟಾಂಪು ಹಾಕಬೇಕು.

ಅಷ್ಟರಲ್ಲಿ ಬೂದಿ ಬಿತ್ತು.

ಎರಡೂ ಮುಕ್ಕಾಲು ಗಂಟೆ ಸೇದಿ ಮುನಿಯಪ್ಪ ಮುಗಿಸಿದ್ದ. ಇಡ್ಲಿ ಪಕ್ಷ, ಉಪ್ಪಿನಕಾಯಿ ಪಕ್ಷ ಎಂಬ ಭೇದವಿಲ್ಲದೆ ಇಡೀ ಊರು ಹಂಡೆಗಳ ಕಡೆ ನುಗ್ಗಿತು. ಮುತ್ತುಸ್ವಾಮಿ ಖಾಲಿ ಜಾಗಕ್ಕೆ ಇನ್ನೂ ಎರಡು ವಾಕ್ಯ ಮಾತಾಡಿದ. ಸಾಹೇಬರು ಮಾತ್ರ ಕುರ್ಚಿಯಲ್ಲೇ ಇದ್ದರು. ಮಾಲತಿ ಎಲೆಯನ್ನು ಅವರ ಮುಂದೆಯೇ ತಂದು ಹಾಸಿ ಸಾರು ಬಡಿಸಿದಳು. ಅಷ್ಟು ಹೊತ್ತು ಕಾದ ಊಟ ಎದುರಿಗೆ ಬಂದಾಗ ಅವರಿಗೆ ಬಲಗೈ ಎತ್ತಲಾಗಲಿಲ್ಲ. ಎಡಗೈಯಲ್ಲಿ ಸೌಟು ಹಿಡಿದು ಉಂಡರು ಎಂದು ಊರು ಈಗಲೂ ಹೇಳುತ್ತದೆ.

ಮರದ ಕೆಳಗೆ ಉಳಿದದ್ದು ಮುತ್ತುಸ್ವಾಮಿ, ಮುನಿಶಾಮಮ್ಮ ಮತ್ತು ಸಾಮಿ. ಮುತ್ತುಸ್ವಾಮಿ ಬೆನ್ನು ತಿರುಗಿಸಿ ಕೂತ. ಹಕ್ಕು ಉಳಿದಿತ್ತು, ಅದು ಬೇಡವೆನ್ನುವಷ್ಟು ಸಂಕಟವಾಗಿತ್ತು. ಆಮೇಲೆ ತಿರುಗದೆಯೇ ಕೇಳಿದ.

"ಮೂರನೇ ವರ್ಷದ್ದು ಎಂಗಿತ್ತು?"

ಮುನಿಶಾಮಮ್ಮ ಯೋಚಿಸಿದಳು. "ನಿಮ್ಮಜ್ಜಿ ತುಪ್ಪ ಕಾಯಿಸ್ತಾ ಇದ್ಲಲ್ಲ, ಅಟ್ಟಿ ತುಂಬ ಗಮಗಮ ಅಂತಿತ್ತಲ್ಲ, ಅಂಗಿತ್ತು. ನೀನು ಏಳಿದ್ದು ನಿಜ ಕಣ್ಲಾ. ಅಳೇದಾದ್ರೆ ಒಳ್ಳೇದೇ ಆಯ್ತದೆ."

ಆರು ವರ್ಷದಲ್ಲಿ ಆ ಮಾತನ್ನು ಅವನಿಗೆ ಯಾರೂ ಹೇಳಿರಲಿಲ್ಲ. ಮುತ್ತುಸ್ವಾಮಿ ಕಣ್ಣು ಮೂಗು ಒರೆಸಿಕೊಂಡು, ಏನಿಲ್ಲ, ಹೊಗೆ ಎಂದ.

ಮುದುಕಿ ಸಂಚಿಯ ಗಂಟು ಬಿಚ್ಚಿ, ಎಲೆಯಡಿಕೆ, ಸುಣ್ಣದ ಡಬ್ಬಿಗಳ ತಳದಿಂದ ಬಟ್ಟೆ ಸುತ್ತಿದ ಒಂದು ಸುರುಟ್ಟು ತೆಗೆದಳು. ಅದರ ನಡುವಿಗೆ ಬಣ್ಣ ಮಾಸಿದ ಚಿನ್ನದ ಕಾಗದದ ಉಂಗುರವಿತ್ತು. ಮೊದಲ ಕಟ್ಟಿನದು ಇದೊಂದು ಉಳಿದಿದೆ, ಗುರುತಿಗೆ ಉಂಗುರ ಹಾಕಿದ್ದೆ ಎಂದಳು. ನಿನ್ನ ಕೈಯಿಂದ ಜಾರಿದ್ದು ಅಂಗಳದಲ್ಲಿ ಸಿಕ್ಕಿತ್ತು ಎಂದೂ ಹೇಳಿದಳು.

"ಅಚ್ಚಲಾ? ಆರು ವರ್ಷದ್ದು ಎಂಗೈತೆ ಅಂತ ಏಳ್ಬಿಡ್ತೀನಿ."

ಮುತ್ತುಸ್ವಾಮಿ ಅದನ್ನು ಎರಡೂ ಕೈಯಲ್ಲಿ ಇಸಿದುಕೊಂಡ. ಮೂಗಿನ ಹತ್ತಿರ ತಂದು, ಸೀನು ಬರುವ ಮೊದಲೇ ದೂರ ಹಿಡಿದ. ಒಮ್ಮೆ ಸಾಮಿಯ ಖಾಲಿ ಬಾಯನ್ನು ನೋಡಿದ. ಆಮೇಲೆ ಬಟ್ಟೆಯನ್ನು ಮತ್ತೆ ಸುತ್ತತೊಡಗಿದ.

"ಬೇಡ. ಕೊಯಮತ್ತೂರಿನವನದು ಅದಿನೈದು ವರ್ಷದ್ದು. ಇನ್ನೂ ಒಂಬತ್ತು ವರ್ಷ ಇಕ್ಬೇಕು."

"ಒಂಬತ್ತು ವರ್ಷ ಆದ್ಮೇಲೆ ಸೇದಿ ಏಳೋರು ಯಾರ್ಲಾ?"

"ನೀನೇ."

"ನಂಗೆ ಎಂಬತ್ತೆರಡು. ನಾನು ಇರ್ತೀನಾ?"

ಮುತ್ತುಸ್ವಾಮಿಗೆ ಬೆಳಗಿನಿಂದ ಬಂದ ಸಿಟ್ಟೆಲ್ಲ ಒಂದು ತೂಕ, ಈಗ ಬಂದ ಸಿಟ್ಟು ಒಂದು ತೂಕ. ಅವನು ಅತ್ತೆಯ ಕಡೆ ಪೂರ್ತಿ ತಿರುಗಿ ಕೂತ.

"ಇರ್ಬೇಕು," ಎಂದ. "ಒಂದು ಸುರುಟ್ಟೇ ಅದಿನೈದು ವರ್ಷ ಇರ್ತದಂತೆ. ಇರೋಕೆ ನಿಂಗೇನು ದಾಡಿ?"